ಉತ್ತಮ ಪುರುಷ, ಪ್ರಥಮ ಪುರುಷ: ಜೆಕಿಲ್–ಹೈಡ್ ಕಥೆಯೊಳಗೆ ಒಂದು ಸುತ್ತು

(ಓದುಗರ ಬಳಗವೊಂದರ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಕತ್ತರಿಸಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಆಡಿದ ಹಾಗೆಯೇ ಇದೆ.)

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗಳು ಇಂಗ್ಲೆಂಡಿನಲ್ಲಿ ಓದುತ್ತಾಳೆ. ಹೋದ ವರ್ಷ ಅವಳಿಗೆ ಜಿಸಿಎಸ್‌ಇ ಪರೀಕ್ಷೆ. ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ ಅಂದುಕೊಳ್ಳಿ. ಒಂದು ರಾತ್ರಿ ಫೋನ್ ಮಾಡಿ, "ಚಿಕ್ಕಮ್ಮ, ಜೆಕಿಲ್ ಆಂಡ್ ಹೈಡ್ ಇದೆಯಲ್ಲ, ಅದರ ಲ್ಯಾಂಗ್ವೇಜು, ಫಾರ್ಮು, ಸ್ಟ್ರಕ್ಚರು ಮೂರನ್ನೂ ಬರೀಬೇಕಂತೆ. ಲ್ಯಾಂಗ್ವೇಜು ಗೊತ್ತಾಯ್ತು. ಫಾರ್ಮಿಗೂ ಸ್ಟ್ರಕ್ಚರಿಗೂ ಏನು ವ್ಯತ್ಯಾಸ?" ಅಂದಳು.

ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿರುವವಳು ನಾನು. ತಕ್ಷಣ ಉತ್ತರ ಹೊಳೆಯಲಿಲ್ಲ. ಆಮೇಲೆ ಅಂದೆ: "ನೋಡು ಪುಟ್ಟಿ, ಒಂದು ಮನೆ ಅಂದುಕೋ. ಅದು ಬಂಗಲೆಯೋ ವಠಾರವೋ ಅನ್ನೋದು ಫಾರ್ಮು. ಬಂದವರನ್ನ ಯಾವ ಬಾಗಿಲಿಂದ ಒಳಗೆ ಕರ್ಕೊಂಡು ಹೋಗ್ತಾರೆ, ಯಾವ ಕೋಣೆ ಮೊದಲು ತೋರಿಸ್ತಾರೆ, ಯಾವುದಕ್ಕೆ ಬೀಗ ಹಾಕಿರ್ತಾರೆ ಅನ್ನೋದು ಸ್ಟ್ರಕ್ಚರು." ಅವಳು, "ಓ, ಆ ಮನೆಗೆ ಎರಡು ಬಾಗಿಲು ಇದೆಯಲ್ಲ!" ಅಂದಳು. ನಾನು ಸುಮ್ಮನೆ ಒಂದು ಹೋಲಿಕೆ ಕೊಟ್ಟಿದ್ದೆ, ಅವಳು ಸೀದಾ ಕಥೆಯ ಮನೆಯೊಳಗೇ ನಡೆದುಬಿಟ್ಟಳು. ಈವತ್ತಿನ ಮಾತು ಶುರುವಾದದ್ದು ಅಲ್ಲಿಂದ.

ಪುಸ್ತಕದ ಹಿನ್ನೆಲೆಯನ್ನು ಬೇಗ ಮುಗಿಸಿಬಿಡುತ್ತೇನೆ. ಬರೆದವನು ರಾಬರ್ಟ್ ಲೂಯಿಸ್ ಸ್ಟೀವನ್ಸನ್, ಎಡಿನ್‌ಬರೋದಲ್ಲಿ 1850ರಲ್ಲಿ ಹುಟ್ಟಿದವನು, 1894ರಲ್ಲಿ ದೂರದ ಸಮೋವಾ ದ್ವೀಪದಲ್ಲಿ ತೀರಿಕೊಂಡವನು. 1885ರಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬೋರ್ನ್‌ಮತ್ ಊರಿನಲ್ಲಿ ಹಾಸಿಗೆ ಹಿಡಿದಿದ್ದಾಗ ಇದನ್ನು ಬರೆದ. ಮೊದಲ ಕರಡನ್ನು ಹೆಂಡತಿ ಫ್ಯಾನಿ ಒಪ್ಪಲಿಲ್ಲವಂತೆ, ಅದನ್ನು ಬೆಂಕಿಗೆ ಹಾಕಿ ಕೆಲವೇ ದಿನಗಳಲ್ಲಿ ಹೊಸದಾಗಿ ಬರೆದನಂತೆ. ಇದು ಮನೆಯವರು ಹೇಳಿದ ಮಾತು. 1886ರ ಜನವರಿಯಲ್ಲಿ ಲಾಂಗ್‌ಮನ್ಸ್ ಪ್ರಕಾಶನ ಇದನ್ನು ಒಂದು ಶಿಲಿಂಗ್ ಬೆಲೆಗೆ ಮಾರಿತು. ಆರು ತಿಂಗಳಲ್ಲಿ ಸುಮಾರು 40 ಸಾವಿರ ಪ್ರತಿ ಖರ್ಚಾಯಿತು. ಹತ್ತು ಅಧ್ಯಾಯ, ನೂರು ಪುಟದ ಆಸುಪಾಸು. ನಾವು ನೀಳ್ಗತೆ ಎನ್ನುತ್ತೇವಲ್ಲ, ಆ ಅಳತೆ.

ಈ ಕಥೆ ಓದದವರಿಗೂ ಇದರ ಗುಟ್ಟು ಗೊತ್ತು, ತೊಂದರೆ ಇರುವುದೇ ಅಲ್ಲಿ. "ಅವನೊಳ್ಳೆ ಜೆಕಿಲ್–ಹೈಡ್ ಕಣ್ರೀ" ಎಂದು ಆಫೀಸಿನಲ್ಲಿ ಬೈಯುತ್ತೇವೆ. ಆದರೆ ತಾವೇ ಬೆರೆಸಿದ ಔಷಧಿ ಕುಡಿದು ಡಾಕ್ಟರ್ ಜೆಕಿಲ್ ಅವರೇ ಹೈಡ್ ಆಗುತ್ತಾರೆ, ಇಬ್ಬರೂ ಒಬ್ಬರೇ ಎಂದು 1886ರ ಓದುಗನಿಗೆ ತಿಳಿಯುತ್ತಿದ್ದುದು ಒಂಬತ್ತನೇ ಅಧ್ಯಾಯದಲ್ಲಿ. ಅಲ್ಲಿಯವರೆಗೂ ಅವನ ಮನಸ್ಸಿನಲ್ಲಿದ್ದ ಊಹೆ ಬೇರೆ: ಹೈಡ್ ಎಂಬ ಪುಂಡನೊಬ್ಬ ಗೌರವಸ್ಥ ವೈದ್ಯರಾದ ಜೆಕಿಲ್ ಅವರ ಯಾವುದೋ ಹಳೆಯ ತಪ್ಪನ್ನು ಹಿಡಿದುಕೊಂಡು ದುಡ್ಡು ಕೀಳುತ್ತಿದ್ದಾನೆ. ಕಥೆಯಲ್ಲಿ ಎನ್‌ಫೀಲ್ಡ್ ಎಂಬಾತ ಆ ಮನೆಗೆ ಬ್ಲ್ಯಾಕ್‌ಮೇಲ್ ಮನೆ ಎಂದೇ ಹೆಸರಿಟ್ಟಿರುತ್ತಾನೆ. ಮುಂದೆ ನಾಟಕದವರು ಬಂದರು. 1887ರಲ್ಲಿ ಬಾಸ್ಟನ್ನಿನಲ್ಲಿ, ಮರುವರ್ಷ ಲಂಡನ್ನಿನಲ್ಲಿ ರಿಚರ್ಡ್ ಮ್ಯಾನ್ಸ್‌ಫೀಲ್ಡ್ ಎಂಬ ನಟ ಎರಡೂ ಪಾತ್ರವನ್ನು ಒಬ್ಬನೇ ಮಾಡಿದ. ಕಥೆಯಲ್ಲಿ ಕೊಲೆಯಾಗುವ ಸರ್ ಡ್ಯಾನ್ವರ್ಸ್ ಕೆರ್ಯೂಗೆ ಒಬ್ಬ ಮಗಳನ್ನು ಹುಟ್ಟಿಸಿ, ಅವಳನ್ನೇ ಜೆಕಿಲ್ ಮದುವೆಯಾಗಲಿರುವ ಹುಡುಗಿ ಮಾಡಿದರು. ಆ ಕ್ಷಣಕ್ಕೆ ಸ್ಟೀವನ್ಸನ್ ಕಟ್ಟಿದ ಮನೆಯ ಬೀಗಗಳೆಲ್ಲ ಒಡೆದವು. ಈಗ ನಾವು ನೋಡುವುದು ಬೀಗ ಒಡೆದ ಮನೆಯನ್ನು.

ನಾನೂ ಮೊದಲ ಕೆಲವು ವರ್ಷ ಹೀಗೇ ಪಾಠ ಮಾಡಿದೆ. ಬೋರ್ಡಿನ ಮೇಲೆ "ಒಳಿತು X ಕೆಡುಕು" ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದೆ. ಆ ಸುಲಭದ ಗೆರೆಯನ್ನು ಪುಸ್ತಕ ತಾನೇ ಅಳಿಸುತ್ತದೆ, ನಾನು ನೋಡಿರಲಿಲ್ಲ ಅಷ್ಟೆ.

ಮೊದಲು ಬಾಗಿಲು. ಮೊದಲ ಅಧ್ಯಾಯದ ಹೆಸರೇ ಬಾಗಿಲಿನ ಕಥೆ. ವಕೀಲ ಅಟರ್ಸನ್ ಅವರು ಭಾನುವಾರ ತಮ್ಮ ಬಂಧು ಎನ್‌ಫೀಲ್ಡ್ ಜೊತೆ ವಾಕಿಂಗ್ ಹೊರಟಿದ್ದಾರೆ. ಚೊಕ್ಕಟವಾದ, ಹೊಸ ಬಣ್ಣ ಬಳಿದ ಅಂಗಡಿಬೀದಿ. ಅದರ ನಡುವೆ ಒಂದು ಎರಡಂತಸ್ತಿನ ಕಟ್ಟಡ ಮೂತಿ ಮುಂದೆ ಚಾಚಿ ನಿಂತಿದೆ. ಕಿಟಕಿಯೇ ಇಲ್ಲ. ಕೆಳಗೊಂದು ಬಾಗಿಲು, ಮೇಲೆ ಬಣ್ಣಗೆಟ್ಟ ಗೋಡೆಯ ಕುರುಡು ಹಣೆ. ಹಣೆ ಎಂಬ ಪದವನ್ನು ಗೋಡೆಗೆ ಬಳಸಿದ್ದು ಸ್ಟೀವನ್ಸನ್ನೇ. ಬಾಗಿಲಿಗೆ ಗಂಟೆಯಿಲ್ಲ, ಬಡಿಯುವ ಬಳೆಯಿಲ್ಲ, ಬಣ್ಣ ಬೊಬ್ಬೆ ಎದ್ದಿದೆ. ಅಂದರೆ ಯಾರೂ ತಟ್ಟಿ ಬರಬೇಕಾದ ಬಾಗಿಲಲ್ಲ ಅದು. ಬೀಗದಕೈ ಇರುವವನಿಗೆ ಮಾತ್ರ. ಇನ್ನೊಂದು ಬೀದಿಗೆ ಸುತ್ತಿ ಬಂದರೆ ಒಂದು ಕಾಲಕ್ಕೆ ಚೆಂದವಾಗಿದ್ದ ಹಳೆಯ ಮನೆಗಳ ಚೌಕ, ಅಲ್ಲಿ ಶ್ರೀಮಂತಿಕೆಯ ಠೀವಿಯಿರುವ ಮುಂಬಾಗಿಲು, ಡಾಕ್ಟರ್ ಜೆಕಿಲ್ ಅವರ ಮನೆ. ಇವೆರಡೂ ಒಂದೇ ಮನೆಯ ಹಿಂದು–ಮುಂದು ಎಂಬುದು ಓದುಗನ ತಲೆಗೆ ಹೋಗುವುದು ನಿಧಾನವಾಗಿ, ಬೀದಿ ಸುತ್ತಿದ ಮೇಲೆ. ಅದಕ್ಕೂ ಹಿಂದಿನ ಗಾಥಿಕ್ ಕಥೆಗಳಿಗೆ, ಅಂದರೆ ಭಯ–ರಹಸ್ಯದ ಕಥೆಗಳಿಗೆ, ದೂರದ ಇಟಲಿಯ ಹಾಳು ಕೋಟೆ, ನೆಲಮಾಳಿಗೆ ಬೇಕಾಗುತ್ತಿದ್ದವು. ಸ್ಟೀವನ್ಸನ್ ಆ ಕೋಟೆಯನ್ನು ಎತ್ತಿ ತಂದು ಲಂಡನ್ನಿನ ಅಂಗಡಿಬೀದಿಯಲ್ಲಿ ಇಟ್ಟ, ಅದೂ ಒಬ್ಬ ಡಾಕ್ಟರ ಹಿತ್ತಿಲಿಗೆ.

ಆ ಬಾಗಿಲ ಮುಂದೆ ಎನ್‌ಫೀಲ್ಡ್ ಹೇಳುವ ಘಟನೆ ನಿಮಗೆ ಗೊತ್ತಿರಬಹುದು. ಚಳಿಗಾಲದ ಬೆಳಗಿನ ಜಾವ ಮೂರು ಗಂಟೆ. ಒಬ್ಬ ಕುಳ್ಳ ದಾಪುಗಾಲು ಹಾಕುತ್ತಾ ಬರುತ್ತಿದ್ದಾನೆ, ಅಡ್ಡಬೀದಿಯಿಂದ ಎಂಟು ಹತ್ತು ವರ್ಷದ ಹುಡುಗಿ ಓಡಿ ಬರುತ್ತಿದ್ದಾಳೆ. ಮೂಲೆಯಲ್ಲಿ ಡಿಕ್ಕಿ. ಅಲ್ಲಿಯವರೆಗೆ ಯಾರಿಗಾದರೂ ಆಗಬಹುದಾದದ್ದು. ಆಮೇಲೆ ಆ ಮನುಷ್ಯ ಮಗುವಿನ ಮೈಮೇಲೆ ತುಳಿದುಕೊಂಡು ಹೋಗುತ್ತಾನೆ. ಈ ತುಳಿತಕ್ಕೆ ಸ್ಟೀವನ್ಸನ್ ಒಂದೇ ಒಂದು ಕ್ರಿಯಾವಿಶೇಷಣ ಇಟ್ಟಿದ್ದಾನೆ: "ಕಾಮ್ಲಿ". ಅದನ್ನು ಕನ್ನಡಕ್ಕೆ ತನ್ನಿ ಎಂದು ತರಗತಿಯಲ್ಲಿ ಕೇಳಿದೆ. ಒಬ್ಬಳು "ಶಾಂತವಾಗಿ" ಎಂದಳು. ಇನ್ನೊಬ್ಬ "ಸಮಾಧಾನವಾಗಿ" ಎಂದ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ತಣ್ಣಗೆ, ಮೇಡಂ." ತಣ್ಣಗೆ ತುಳಿದುಕೊಂಡು ಹೋದ. ತರಗತಿ ಒಂದು ಕ್ಷಣ ಸುಮ್ಮನಾಯಿತು. "ರೋಷದಿಂದ ತುಳಿದ" ಎಂದಿದ್ದರೆ ನಾವು ಆ ಮನುಷ್ಯನನ್ನು ಅರ್ಥ ಮಾಡಿಕೊಳ್ಳುತ್ತಿದ್ದೆವು. ಕೋಪ ನಮಗೂ ಬರುತ್ತದೆ. "ತಣ್ಣಗೆ" ಎಂದಾಗ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಅದರ ಹಿಂದೆಯೇ ಎನ್‌ಫೀಲ್ಡ್ ಇನ್ನೊಂದು ಮಾತು ಹೇಳುತ್ತಾನೆ: ಅವನು ಮನುಷ್ಯನ ಹಾಗಿರಲಿಲ್ಲ, ಯಾವುದೋ ದರಿದ್ರ ಜಗ್ಗರ್ನಾಟ್ ಇದ್ದಂತಿತ್ತು. ಈ ಜಗ್ಗರ್ನಾಟ್ ಯಾರು ಗೊತ್ತೇ? ಪುರಿಯ ನಮ್ಮ ಜಗನ್ನಾಥ. ರಥದ ಗಾಲಿಗೆ ಭಕ್ತರು ಬಿದ್ದು ಸಾಯುತ್ತಾರೆಂದು ಯುರೋಪಿನ ಪ್ರವಾಸಿಗರು ಬರೆದ ಕಥೆಗಳಿಂದ ಆ ಪದ ಇಂಗ್ಲಿಷಿಗೆ ಹೋಗಿ, ಅಡ್ಡ ಬಂದದ್ದನ್ನೆಲ್ಲ ಅರೆದು ಸಾಗುವ ಯಂತ್ರ ಎಂಬ ಅರ್ಥ ಪಡೆಯಿತು. ಇದನ್ನು ಹೇಳಿದಾಗ ತರಗತಿಯಲ್ಲಿ ಒಬ್ಬ ಹುಡುಗ, "ನಾನು ಪ್ರತಿ ವರ್ಷ ತೇರು ಎಳೀತೀನಿ ಮೇಡಂ" ಎಂದು ಮುಖ ಗಂಟಿಕ್ಕಿದ. ಅವನ ಸಿಟ್ಟು ನ್ಯಾಯವಾದದ್ದೇ. ಲಂಡನ್ನಿನ ಸಂಭಾವಿತನೊಬ್ಬನಿಗೆ ತನ್ನೂರಿನ ಕ್ರೌರ್ಯವನ್ನು ಹೆಸರಿಸಲು ಪದ ಸಿಗದಿದ್ದಾಗ ಸಮುದ್ರದಾಚೆಯ ದೇವರ ಹೆಸರು ಬೇಕಾಯಿತು. ಹೈಡ್ ಹೊರಗಿನವನು, ನಮ್ಮವನಲ್ಲ ಎಂಬ ಧೈರ್ಯ ಆ ಪದದಲ್ಲಿದೆ. ಅವನು ಒಳಗಿನವನೇ, ಅದೇ ಮನೆಯವನೇ ಎಂಬುದು ಆಮೇಲೆ ಬರುವ ಪೆಟ್ಟು. ಸ್ಟೀವನ್ಸನ್ ಅಷ್ಟು ದೂರ ಯೋಚಿಸಿ ಆ ಪದ ಇಟ್ಟನೆಂದು ನಾನು ವಾದಿಸುವುದಿಲ್ಲ. ಪದ ಅಲ್ಲಿ ಕೂತು ಆ ಕೆಲಸ ಮಾಡುತ್ತಿದೆ ಎಂದಷ್ಟೇ ಹೇಳುತ್ತೇನೆ.

ಹೈಡ್ ನೋಡಲು ಹೇಗಿದ್ದಾನೆ? ಇಡೀ ಪುಸ್ತಕದಲ್ಲಿ ಯಾರಿಗೂ ಹೇಳಲು ಬರುವುದಿಲ್ಲ. ಎನ್‌ಫೀಲ್ಡ್ ತಡವರಿಸುತ್ತಾನೆ: ಅವನ ಚಹರೆಯಲ್ಲಿ ಏನೋ ಸರಿಯಿಲ್ಲ, ಏನೋ ಅಹಿತ, ಏನೋ ಹೇಸಿಗೆ; ಎಲ್ಲೋ ಅಂಗವಿಕಾರ ಇರಬೇಕು, ಎಲ್ಲಿ ಅಂತ ತೋರಿಸಲಾರೆ. ನಮ್ಮ ಕನ್ನಡದ "ಏನೋ", "ಎಲ್ಲೋ" ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತವೆ ನೋಡಿ. ಅಜ್ಜಿಯರು ರಾತ್ರಿ ಕಂಡದ್ದನ್ನು ಹೇಳುವಾಗ "ಅದೇನೋ ಬೆಳ್ಳಗೆ" ಅಂದು ನಿಲ್ಲಿಸಿಬಿಡುತ್ತಿದ್ದರು. ಅಲ್ಲೇ ಮೈ ಜುಂ ಅನ್ನುತ್ತಿತ್ತು. ಸಿನಿಮಾದವರು ಹಲ್ಲು, ಕೂದಲು, ಗೂನು ಎಲ್ಲ ಸೇರಿಸಿ ಹೈಡ್‌ನನ್ನು ತೋರಿಸಿಬಿಟ್ಟರು. ತೋರಿಸಿದ ಮೇಲೆ ಅವನು ಬರೀ ವೇಷ.

ಪ್ರಾಣಿಗಳ ಪದಗಳು ಮಾತ್ರ ಧಾರಾಳವಾಗಿವೆ. ಹೈಡ್ ಬುಸುಗುಡುತ್ತಾನೆ, ಗುರುಗುಟ್ಟುತ್ತಾ ನಗುತ್ತಾನೆ, ಕಪಿಯ ರೋಷದಲ್ಲಿ ಹೊಡೆಯುತ್ತಾನೆ. ಡಾರ್ವಿನ್ನನ ಪುಸ್ತಕ 1859ರಲ್ಲಿ ಬಂದಿತ್ತು, ಕಪಿ ಎಂಬ ಪದಕ್ಕೆ ಆಗ ಹೊಸ ಚುಚ್ಚುವಿಕೆ ಇತ್ತು. ಇದನ್ನು ಎಲ್ಲ ಗೈಡುಗಳೂ ಬರೆಯುತ್ತವೆ, ಹಾಗಾಗಿ ಮುಂದೆ ಹೋಗುತ್ತೇನೆ.

ಇನ್ನು ಪ್ರಕಾರದ ಮಾತು. ಮೂಲದ ಶೀರ್ಷಿಕೆಯಲ್ಲೇ "ಕೇಸು" ಎಂಬ ಪದ ಇದೆ: ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್ ಅವರ ವಿಚಿತ್ರ ಕೇಸು. ನಮ್ಮಲ್ಲೂ ಕೇಸು ಕೋರ್ಟಿನಲ್ಲಿ ನಡೆಯುತ್ತದೆ, ಆಸ್ಪತ್ರೆಗೂ ಬರುತ್ತದೆ. ಇಲ್ಲಿ ಎರಡೂ ಹೌದು: ವಕೀಲರೊಬ್ಬರು ಡಾಕ್ಟರೊಬ್ಬರ ಕೇಸು ಬಿಚ್ಚುತ್ತಿದ್ದಾರೆ. ಅಧ್ಯಾಯಗಳ ಹೆಸರು ಓದಿದರೆ ಕಡತದ ಅನುಕ್ರಮಣಿಕೆ ಓದಿದಂತೆ: ಪತ್ರದ ಘಟನೆ, ಕಿಟಕಿಯ ಘಟನೆ, ಡಾಕ್ಟರ್ ಲ್ಯಾನ್ಯನ್ ಅವರ ನಿವೇದನೆ, ಹೆನ್ರಿ ಜೆಕಿಲ್ ಅವರ ಪೂರ್ಣ ಹೇಳಿಕೆ. ಕಥೆಯ ಒಳಗೂ ಕಾಗದವೇ ಕಾಗದ. ಮೂರು ತಿಂಗಳು ಮೀರಿ ಜೆಕಿಲ್ ಕಾಣೆಯಾದರೆ ಆಸ್ತಿಯೆಲ್ಲ ಹೈಡ್‌ಗೆ ಎನ್ನುವ ಉಯಿಲು. ತುಳಿದದ್ದಕ್ಕೆ ಪರಿಹಾರವಾಗಿ ನೂರು ಪೌಂಡು, ಅದರಲ್ಲಿ ಹತ್ತು ಚಿನ್ನದ ನಾಣ್ಯದಲ್ಲಿ, ಉಳಿದದ್ದು ಚೆಕ್ಕು. ಲಕೋಟೆಯೊಳಗೆ ಲಕೋಟೆ, ಅದರ ಮೇಲೆ "ಜೆಕಿಲ್ ಸಾಯುವವರೆಗೆ ಅಥವಾ ಕಾಣೆಯಾಗುವವರೆಗೆ ಒಡೆಯತಕ್ಕದ್ದಲ್ಲ" ಎಂಬ ಬರಹ. ಅಟರ್ಸನ್ ಆ ಲಕೋಟೆಯನ್ನು ತಿಜೋರಿಯ ಮೂಲೆಯಲ್ಲಿಟ್ಟು ಬೀಗ ಹಾಕುತ್ತಾರೆ. ನಾನಾಗಿದ್ದರೆ ಆವತ್ತೇ ಒಡೆಯುತ್ತಿದ್ದೆ. ಆದರೆ ಅಟರ್ಸನ್ ಗೌರವಸ್ಥರು. ಗೌರವಸ್ಥರು ಸ್ನೇಹಿತರ ಲಕೋಟೆ ಒಡೆಯುವುದಿಲ್ಲ, ಒಂಟಿಯಾಗಿದ್ದಾಗ ಒಳ್ಳೆಯ ವೈನ್ ಕುಡಿಯುವುದಿಲ್ಲ, ನಾಟಕ ಇಷ್ಟವಿದ್ದರೂ ಇಪ್ಪತ್ತು ವರ್ಷ ಥಿಯೇಟರಿನ ಹೊಸಿಲು ತುಳಿಯುವುದಿಲ್ಲ. ಮೊದಲ ಪುಟದಲ್ಲೇ ಇದೆಲ್ಲ ಹೇಳಿದೆ. ಅಂಥ ಒಬ್ಬ ಮನುಷ್ಯನ ಹೆಗಲ ಮೇಲಿಂದ ನಾವು ಕಥೆ ನೋಡಬೇಕು. ಕಥೆ ತಡವಾಗುವುದು ಅವರ ಸಭ್ಯತೆಯಿಂದ. ನನಗೆ ಇದು ಈ ಪುಸ್ತಕದ ಬಹಳ ಜಾಣ ಏರ್ಪಾಡು ಅನ್ನಿಸುತ್ತದೆ: ಗುಟ್ಟು ಕಾಯುವ ಸಮಾಜವನ್ನು ಬಯ್ಯದೆ, ಆ ಸಮಾಜದ ಒಬ್ಬ ಒಳ್ಳೆಯ ಮನುಷ್ಯನ ಕೈಗೆ ಬೀಗದಕೈ ಕೊಟ್ಟು ಕೂರಿಸಿದ್ದಾನೆ.

ಇಷ್ಟು ಬಿಗಿಯಾದ ಕಡತದಲ್ಲಿ ಒಂದು ತಪ್ಪೂ ಉಳಿದಿದೆ. ಜೆಕಿಲ್ ಅವರ ಹಳೆಯ ಗೆಳೆಯರಾದ ಡಾಕ್ಟರ್ ಲ್ಯಾನ್ಯನ್ ತಮಗೆ ಜೆಕಿಲ್ ಪತ್ರ ಬಂದದ್ದು ಜನವರಿ 9ರಂದು ಎನ್ನುತ್ತಾರೆ. ಪತ್ರದ ಮೇಲಿನ ತಾರೀಖು ಡಿಸೆಂಬರ್ 10. ಆತುರದಲ್ಲಿ ಬರೆದ ಪುಸ್ತಕದಲ್ಲಿ ಇಷ್ಟಾದರೂ ಇರಲಿ ಬಿಡಿ.

ಈಗ ನನಗೆ ಇಷ್ಟವಾದ ಜಾಗಕ್ಕೆ ಬರುತ್ತೇನೆ. "ಕೊನೆಯ ರಾತ್ರಿ" ಎಂಬ ಎಂಟನೇ ಅಧ್ಯಾಯ. ಜೆಕಿಲ್ ಅವರ ಮನೆಯ ಮುಖ್ಯ ಆಳು ಪೂಲ್, ಇಪ್ಪತ್ತು ವರ್ಷ ಅಲ್ಲೇ ಇದ್ದವನು, ಹೆದರಿ ಅಟರ್ಸನ್ ಅವರ ಮನೆಗೆ ಓಡಿ ಬಂದಿದ್ದಾನೆ. ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡಿರುವುದು ಯಜಮಾನರಲ್ಲ ಎಂದು ಅವನ ಗುಮಾನಿ. ಅವನ ಮಾತಿನಲ್ಲಿ ಸರ್ವನಾಮಗಳು ಜಾರುವುದನ್ನು ಗಮನಿಸಬೇಕು. ಕೋಣೆಯಲ್ಲಿರುವುದು ಅವನಿಗೆ "ಆ ವಸ್ತು", "ಮುಖವಾಡ ಹಾಕಿದ ಅದು". ಅದು ಏನೋ ದೇವರಿಗೇ ಗೊತ್ತು, ಡಾಕ್ಟರ್ ಜೆಕಿಲ್ ಮಾತ್ರ ಅಲ್ಲ ಅನ್ನುತ್ತಾನೆ. ಇದನ್ನು ಕನ್ನಡ ಮಾಡುವುದು ಒಂದು ಲೆಕ್ಕಕ್ಕೆ ಬಹಳ ಸುಲಭ. ಮೈಸೂರು ಕಡೆಯ ಹಳೆಯ ಆಳೊಬ್ಬ ಹೇಳುವಂತೆ ಹೇಳಿಬಿಡಬಹುದು: "ಬುದ್ಧಿ, ಒಳಗಿರೋದು ನಮ್ ಯಜಮಾನ್ರಲ್ಲ. ಅದು ಅವರಲ್ಲ." ಅದು, ಅವರು. ಎರಡು ಸರ್ವನಾಮ ಸಾಕು, ಇಡೀ ಅಧ್ಯಾಯದ ಭಯ ಬಂತು.

ಆದರೆ ಕನ್ನಡದಲ್ಲಿ "ಅದು" ಇನ್ನೊಂದು ಜಾಗದಲ್ಲೂ ಬರುತ್ತದೆ. ಮಗು ಅಳುತ್ತಿತ್ತು, ಮಗು ಬಿತ್ತು, ಅದಕ್ಕೆ ಹಸಿವು. ನಾವು ಮಗುವಿಗೆ ಮುದ್ದಿನಿಂದ ನಪುಂಸಕಲಿಂಗ ಕೊಡುತ್ತೇವೆ. ಮೊದಲ ಅಧ್ಯಾಯದಲ್ಲಿ ತುಳಿಸಿಕೊಂಡ ಮಗು ಕನ್ನಡದಲ್ಲಿ "ಅದು", ಎಂಟನೆಯದರಲ್ಲಿ ತುಳಿದವನೂ "ಅದು". ಹೈಡ್‌ಗೆ ಜೆಕಿಲ್ ಕೊಡುವ ಹೆಸರುಗಳಲ್ಲಿ "ನರಕದ ಕೂಸು" ಎಂಬುದೂ ಒಂದು. ಹೈಡ್ ಚಿಕ್ಕವನಾಗಿ, ಎಳೆಯವನಾಗಿ ಕಾಣುವುದಕ್ಕೆ ಜೆಕಿಲ್ ಕಾರಣವನ್ನೂ ಕೊಡುತ್ತಾರೆ: ತಮ್ಮ ಕೆಟ್ಟ ಭಾಗಕ್ಕೆ ಅಷ್ಟು ವರ್ಷ ಹೆಚ್ಚು ಕೆಲಸ ಸಿಕ್ಕಿರಲಿಲ್ಲ, ಹಾಗಾಗಿ ಅದು ಸವೆದಿರಲಿಲ್ಲ. ಮೂಲದಲ್ಲಿ ಇಲ್ಲದ ಒಂದು ಎಳೆ ನಮ್ಮ ವ್ಯಾಕರಣದಿಂದ ತಾನಾಗಿ ಸೇರಿಕೊಳ್ಳುತ್ತದೆ. ಸೇರಿಕೊಳ್ಳಲಿ ಅನ್ನಿಸುತ್ತದೆ ನನಗೆ.

ಇನ್ನೊಂದು ವಿಷಯ. ಇಷ್ಟು ಹೊತ್ತೂ ನಾನು ಜೆಕಿಲ್‌ಗೆ "ಅವರು" ಎನ್ನುತ್ತಿದ್ದೇನೆ, ಹೈಡ್‌ಗೆ "ಅವನು" ಎನ್ನುತ್ತಿದ್ದೇನೆ. ನಿಮಗ್ಯಾರಿಗಾದರೂ ಕಿವಿಗೆ ಚುಚ್ಚಿತೇ? ಇಲ್ಲ. ಸ್ಟೀವನ್ಸನ್‌ಗೆ ಕೊಟ್ಟ ಏಕವಚನ ಬೇರೆ, ಅದು ಪಂಪನಿಗೆ, ಕುಮಾರವ್ಯಾಸನಿಗೆ ಕೊಡುವ ಸಲುಗೆ. ಆದರೆ ಜೆಕಿಲ್, ಹೈಡ್ ಇಬ್ಬರೂ ಒಬ್ಬನೇ ಮನುಷ್ಯ ಎಂದು ಪೂರ್ತಿ ತಿಳಿದೂ ನಾನು ಒಬ್ಬನಿಗೆ ಬಹುವಚನ ಕೊಟ್ಟೆ, ಇನ್ನೊಬ್ಬನಿಂದ ಕಿತ್ತುಕೊಂಡೆ. ಜೆಕಿಲ್ ಮಾಡಿದ್ದೂ ಅಷ್ಟೇ. ಮರ್ಯಾದೆಯೆಲ್ಲ ಒಂದು ಹೆಸರಿಗೆ, ತೆವಲೆಲ್ಲ ಇನ್ನೊಂದು ಹೆಸರಿಗೆ.

ನಮ್ಮ ವ್ಯಾಕರಣದಲ್ಲಿ "ನಾನು" ಎನ್ನುವವನಿಗೆ ಏನು ಹೆಸರು? ಉತ್ತಮ ಪುರುಷ. "ಅವನು" ಎನಿಸಿಕೊಳ್ಳುವವನು ಪ್ರಥಮ ಪುರುಷ. ಇಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡುವಾಗ ನಗು ಬರುತ್ತಿತ್ತು, ನಾನು ಎನ್ನುವವನು ಅದು ಹೇಗೆ ತಾನೇ ಉತ್ತಮ ಅಂತ. ಈ ಪುಸ್ತಕದ ಹತ್ತನೇ ಅಧ್ಯಾಯ ನನಗೆ ಆ ನಗುವಿನ ಮುಂದುವರಿಕೆಯ ಹಾಗೆ ಕಾಣುತ್ತದೆ. ಊರಿಗೆಲ್ಲ ಉತ್ತಮ ಪುರುಷ ಎನಿಸಿಕೊಂಡ ಡಾಕ್ಟರೊಬ್ಬ, ಉತ್ತಮ ಪುರುಷದಲ್ಲಿ ತನ್ನ ಕಥೆ ಬರೆಯಲು ಕೂತು, ಎಲ್ಲೆಲ್ಲಿ ಕೈ ನಡುಗುತ್ತದೋ ಅಲ್ಲಲ್ಲಿ ಪ್ರಥಮ ಪುರುಷಕ್ಕೆ ಜಾರಿಕೊಳ್ಳುತ್ತಾನೆ. ಹೌದು, ಇನ್ನು ಮುಂದೆ ಜೆಕಿಲ್‌ಗೂ ಏಕವಚನವೇ.

ಸರ್ ಡ್ಯಾನ್ವರ್ಸ್ ಕೊಲೆಯನ್ನು ಪುಸ್ತಕ ಎರಡು ಸಲ ಹೇಳುತ್ತದೆ. ನಾಲ್ಕನೇ ಅಧ್ಯಾಯದಲ್ಲಿ ಒಬ್ಬ ಮನೆಗೆಲಸದ ಹುಡುಗಿಯ ಕಣ್ಣಿಂದ. ಹುಣ್ಣಿಮೆ ಬೆಳಕು, ರಾತ್ರಿ ಹನ್ನೊಂದರ ಹೊತ್ತು, ಕಿಟಕಿ ಕೆಳಗಿನ ಪೆಟ್ಟಿಗೆಯ ಮೇಲೆ ಕೂತು ಲೋಕದ ಮೇಲೆಲ್ಲ ಪ್ರೀತಿ ಉಕ್ಕಿ ಕನಸು ಕಾಣುತ್ತಿದ್ದಾಳೆ. ಕೆಳಗೆ ಬೀದಿಯಲ್ಲಿ ಹೈಡ್ ಮುದುಕನನ್ನು ಕೆಡವಿ ತುಳಿಯುತ್ತಾನೆ, ಏಟುಗಳ ಮಳೆಗರೆಯುತ್ತಾನೆ. ಅಲ್ಲಿಂದ ವಾಕ್ಯ ಮಗ್ಗುಲು ಬದಲಿಸುತ್ತದೆ: ಎಲುಬುಗಳು ಕಿವಿಗೆ ಕೇಳುವಂತೆ ಮುರಿಯಲ್ಪಟ್ಟವು, ದೇಹ ರಸ್ತೆಯ ಮೇಲೆ ಪುಟಿಯಿತು. ಮುರಿದವನು ವಾಕ್ಯದಿಂದ ಮಾಯ. ಎಲುಬು, ದೇಹ, ಸದ್ದು ಮಾತ್ರ ಉಳಿದಿವೆ. ಹುಡುಗಿ ಮೂರ್ಛೆ ಹೋಗುತ್ತಾಳೆ, ಎಚ್ಚರವಾದಾಗ ಎರಡು ಗಂಟೆ. ಕನ್ನಡಕ್ಕೆ ತರುವಾಗ ಇಲ್ಲಿ "ಲಟಲಟ" ಎಂದು ಸೇರಿಸುವ ಆಸೆ ಬರುತ್ತದೆ. ನಮ್ಮ ಭಾಷೆಯ ಚಪಲ ಅದು. ಸೇರಿಸಬಾರದು. "ಕಿವಿಗೆ ಕೇಳುವಂತೆ" ಎಂಬ ಒಣ ಮಾತು ಪೊಲೀಸ್ ವರದಿಯ ಮಾತು, ಅದರ ತಣ್ಣನೆತನವೇ ಬೇಕು.

ಅದೇ ಕೊಲೆ ಹತ್ತನೇ ಅಧ್ಯಾಯದಲ್ಲಿ, ಮಾಡಿದವನ ಕೈಬರಹದಲ್ಲಿ: "ಹಿಗ್ಗಿನ ಭರದಲ್ಲಿ, ತಡೆಯೊಡ್ಡದ ಆ ದೇಹವನ್ನು ಜಜ್ಜಿದೆ, ಹೊಡೆತ ಹೊಡೆತಕ್ಕೂ ಸುಖ ಸವಿಯುತ್ತಾ." ಜಜ್ಜಿದೆ. ಇಂಗ್ಲಿಷಿನಲ್ಲಿ "ನಾನು" ವಾಕ್ಯದ ಕರ್ತೃವಿನ ಜಾಗದಲ್ಲಿ ಒಂದೇ ಅಕ್ಷರವಾಗಿ ಕೂತಿರುತ್ತದೆ, ಕಣ್ಣು ಅದನ್ನು ದಾಟಿಬಿಡುತ್ತದೆ. ಕನ್ನಡದಲ್ಲಿ "ನಾನು" ಬಿಟ್ಟರೂ ಕ್ರಿಯಾಪದದ ಬಾಲ ಬಿಡುವುದಿಲ್ಲ. ಜಜ್ಜಿದೆ ಎಂದರೆ ನಾನೇ, ಜಜ್ಜಿದ ಎಂದರೆ ಅವನು, ಜಜ್ಜಿತು ಎಂದರೆ ಅದು. ಒಂದೊಂದು ವಾಕ್ಯದ ಕೊನೆಯಲ್ಲೂ ಯಾರು ಮಾಡಿದ್ದು ಎಂದು ರುಜು ಹಾಕಬೇಕು. ಈ ಅಧ್ಯಾಯದ ನಾಲ್ಕು ಪುಟ ಕನ್ನಡ ಮಾಡಲು ಕೂತಾಗ ನನಗೆ ಇದು ಗೊತ್ತಾದದ್ದು. ಇಂಗ್ಲಿಷಿನಲ್ಲಿ ಹತ್ತು ಸಲ ಓದಿದಾಗ ಕಂಡಿರಲಿಲ್ಲ.

ಮುಂದೆ ನೋಡಿ. ಓಡಿದ್ದು "ನಾನು". ಲಂಡನ್ನಿನ ಸೋಹೋದಲ್ಲಿದ್ದ ಹೈಡ್‌ನ ಮನೆಗೆ ಹೋಗಿ ಕಾಗದಪತ್ರ ನಾಶ ಮಾಡಿದ್ದೂ "ನಾನು". ಔಷಧಿ ಬೆರೆಸುವ ಹೊತ್ತಿಗೆ? ಹೈಡ್ ಹಾಡು ಗುನುಗುತ್ತಾ ಬೆರೆಸಿದ, ಸತ್ತವನ ಹೆಸರಿನಲ್ಲಿ ಕುಡಿದ. ಕುಡಿದ ಮೇಲೆ? ಹೆನ್ರಿ ಜೆಕಿಲ್ ಕಣ್ಣೀರು ಸುರಿಸುತ್ತಾ ಮಂಡಿಯೂರಿ ದೇವರಿಗೆ ಕೈ ಎತ್ತಿದ. ಒಂದೇ ಪುಟದಲ್ಲಿ ನಾನು, ಹೈಡ್, ಜೆಕಿಲ್. ಬರೆಯುತ್ತಿರುವವನು ತನ್ನಿಬ್ಬರನ್ನೂ ಹೊರಗೆ ನಿಲ್ಲಿಸಿ ನೋಡುತ್ತಿದ್ದಾನೆ. ಹಾಗಾದರೆ ನೋಡುತ್ತಿರುವವನು ಮೂರನೆಯವನೇ? ಮನುಷ್ಯ ಒಬ್ಬನಲ್ಲ, ಇಬ್ಬರು ಎಂದು ಜೆಕಿಲ್ ಹೇಳುವ ಮಾತು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ, ಇಬ್ಬರು ಎನ್ನುತ್ತಿರುವುದು ನನ್ನ ತಿಳಿವಳಿಕೆ ಅಲ್ಲಿಗೆ ನಿಂತಿರುವುದರಿಂದ, ಮುಂದೆ ಬರುವವರು ಇನ್ನೂ ಹಲವರನ್ನು ಕಂಡಾರು ಎಂದು ಹೇಳುತ್ತಾನೆ. ಗೈಡುಗಳು ಆ ಮಾತಿನ ಮೊದಲರ್ಧವನ್ನಷ್ಟೇ ಇಟ್ಟುಕೊಂಡಿವೆ. ಜೆಕಿಲ್ ಒಳ್ಳೆಯವನು ಎಂದೂ ಪುಸ್ತಕ ಎಲ್ಲೂ ಹೇಳುವುದಿಲ್ಲ. ಹೈಡ್ ಅಪ್ಪಟ ಕೆಡುಕು, ಜೆಕಿಲ್ ನಮ್ಮ ನಿಮ್ಮ ಹಾಗೆ ಬೆರಕೆ.

ಕೊನೆಗೆ ಆ ಪ್ರಸಿದ್ಧ ವಾಕ್ಯ. ರೀಜೆಂಟ್ಸ್ ಪಾರ್ಕಿನ ಬೆಂಚಿನ ಮೇಲೆ, ಹಗಲು ಬೆಳಕಿನಲ್ಲಿ, ಔಷಧಿಯಿಲ್ಲದೆಯೇ ಜೆಕಿಲ್ ಹೈಡ್ ಆಗಿಬಿಟ್ಟಿದ್ದಾನೆ. ಕೊಲೆಗಾರನೆಂದು ಊರೆಲ್ಲ ಹುಡುಕುತ್ತಿದೆ. ಹೋಟೆಲಿನಲ್ಲಿ ಅಡಗಿ, ಕತ್ತಲಾದ ಮೇಲೆ ಮುಚ್ಚಿದ ಗಾಡಿಯಲ್ಲಿ ಸುತ್ತುತ್ತಾನೆ. ಅಲ್ಲಿ ಬರೆಯುತ್ತಾನೆ: "ಅವನು ಎನ್ನುತ್ತೇನೆ. ನಾನು ಎನ್ನಲಾರೆ." ಅಂದರೆ ಬಾಗಿಲು ಹಾಕಿದ. ಆಮೇಲೆ ಗಾಡಿಯಿಳಿದು ನಡೆದು ಹೋಗುವಾಗ ಬರುವ ಒಂದು ಸಣ್ಣ ಘಟನೆ: ಒಬ್ಬ ಹೆಂಗಸು ಅವನನ್ನು ಮಾತಾಡಿಸಿದಳು, ಬೆಂಕಿಪೊಟ್ಟಣ ಮಾರುತ್ತಿದ್ದಳೆಂದು ನನ್ನ ಭಾವನೆ; ಅವನು ಅವಳ ಮುಖಕ್ಕೆ ಬಾರಿಸಿದ; ಅವಳು ಓಡಿಹೋದಳು.

ನನ್ನ ಭಾವನೆ! ಹೊಡೆದದ್ದು ಅವನಾದರೆ, ಅವಳ ಕೈಯಲ್ಲಿದ್ದದ್ದು ಬೆಂಕಿಪೊಟ್ಟಣ ಎಂದು ಇವನಿಗೆ ಹೇಗೆ ಗೊತ್ತು? ನೆನಪು ಉತ್ತಮ ಪುರುಷನದು, ಕೈ ಪ್ರಥಮ ಪುರುಷನದು. ಹಾಕಿದ ಬಾಗಿಲ ಸಂದಿಯಲ್ಲಿ ಸೆರಗು ಸಿಕ್ಕಿಕೊಂಡಂತೆ ಆ "ನನ್ನ" ಸಿಕ್ಕಿಕೊಂಡಿದೆ. ನಮ್ಮಲ್ಲಿ ದೆವ್ವ ಮೈಮೇಲೆ ಬಂದವರು ಇಳಿದ ಮೇಲೆ "ನಂಗೇನೂ ಗೊತ್ತಿಲ್ಲ" ಅನ್ನುತ್ತಾರೆ. ಜೆಕಿಲ್‌ಗೆ ಆ ಸೌಲಭ್ಯವಿಲ್ಲ. ಅವನಿಗೆ ಎಲ್ಲ ಗೊತ್ತಿದೆ.

ಕೊನೆಯ ವಾಕ್ಯಕ್ಕೆ ಬರುತ್ತೇನೆ. ಹಳೆಯ ಪುಡಿಯ ಕೊನೆಯ ಚಿಟಿಕೆ ಮುಗಿದಿದೆ, ಇನ್ನರ್ಧ ಗಂಟೆಯಲ್ಲಿ ಹೈಡ್ ಶಾಶ್ವತವಾಗಿ ಬರುತ್ತಾನೆ. ಲೇಖನಿ ಕೆಳಗಿಡುತ್ತಾ ಬರೆಯುತ್ತಾನೆ: ಆ ನತದೃಷ್ಟ ಹೆನ್ರಿ ಜೆಕಿಲ್ಲನ ಬಾಳನ್ನು ಇಲ್ಲಿಗೆ ಮುಗಿಸುತ್ತೇನೆ. "ಆ" ಜೆಕಿಲ್ಲನ. "ನನ್ನ" ಅಲ್ಲ. ಮುಗಿಸುತ್ತೇನೆ ಎಂಬ ಉತ್ತಮ ಪುರುಷ ಯಾರದ್ದು? ಜೆಕಿಲ್ಲನದಾದರೆ ಅವನು ತನ್ನನ್ನೇ ಬೇರೆಯವನಂತೆ ಏಕೆ ಕರೆದ? ಕೈಬರಹ ನೋಡಿ ಹೇಳೋಣವೆಂದರೆ ಆ ದಾರಿಯನ್ನೂ ಸ್ಟೀವನ್ಸನ್ ಮುಚ್ಚಿದ್ದಾನೆ. ಐದನೇ ಅಧ್ಯಾಯದಲ್ಲೇ ಅಟರ್ಸನ್ ಅವರ ಗುಮಾಸ್ತ ಗೆಸ್ಟ್ ಎರಡು ಪತ್ರ ಪಕ್ಕಪಕ್ಕ ಇಟ್ಟು, ಎರಡೂ ಬರಹ ಬಹುಪಾಲು ಒಂದೇ, ಓರೆ ಮಾತ್ರ ಬೇರೆ ಎಂದಿದ್ದ. ಹೋಟೆಲಿನಲ್ಲಿ ಕೂತ ಹೈಡ್‌ಗೂ, ದೇಹವೆಲ್ಲ ಬದಲಾಗಿದ್ದರೂ, ಜೆಕಿಲ್ಲನ ಅಕ್ಷರ ಬರೆಯಲು ಬರುತ್ತಿತ್ತು. ಅಕ್ಷರ ಇಬ್ಬರದೂ, "ನಾನು" ಕೂಡ ಇಬ್ಬರದೂ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: "ಮೇಡಂ, ಇಷ್ಟೆಲ್ಲ ಓದಿದ ಮೇಲೆ ಆ ವಕೀಲರು ಏನು ಮಾಡಿದರು?"

ಪುಸ್ತಕ ಹೇಳುವುದಿಲ್ಲ. ಬಾಗಿಲು ಒಡೆದು, ಡಾಕ್ಟರ ದೊಗಳೆ ಬಟ್ಟೆಯೊಳಗೆ ಹೈಡ್ ಹೆಣವಾಗಿ ಬಿದ್ದದ್ದನ್ನು ನೋಡಿ, ಕಡತಗಳನ್ನು ಎತ್ತಿಕೊಂಡು ಅಟರ್ಸನ್ ಪೂಲ್‌ಗೆ ಹೇಳುತ್ತಾರೆ: "ಈಗ ಹತ್ತು ಗಂಟೆ. ಮನೆಗೆ ಹೋಗಿ ಇವನ್ನು ಸಮಾಧಾನವಾಗಿ ಓದಬೇಕು. ಹನ್ನೆರಡರೊಳಗೆ ಬರುತ್ತೇನೆ, ಆಮೇಲೆ ಪೊಲೀಸರಿಗೆ ಹೇಳಿ ಕಳಿಸೋಣ." ಆಳುಗಳೆಲ್ಲ ಹಾಲಿನಲ್ಲಿ ಬೆಂಕಿಯ ಸುತ್ತ ಕೂತಿದ್ದಾರೆ. ಅವರು ನಡೆದುಕೊಂಡು ಹೊರಟುಹೋಗುತ್ತಾರೆ. ಆಮೇಲೆ ಬರುವುದು ಎರಡು ಕಾಗದ, ಅಷ್ಟೆ. ಹನ್ನೆರಡು ಹೊಡೆಯಿತೋ ಇಲ್ಲವೋ, ಪೂಲ್ ಇನ್ನೂ ಅಲ್ಲೇ ಕಾಯುತ್ತಿದ್ದಾನೆ.